ಫಗಾಲುಪೆಯ ನಲವತ್ತೊಂದು ಹೆಸರು

ಜೂನ್ ೧೦, ಸೋಮವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಫಗಾಲುಪೆ ಪೊಲೀಸ್ ಠಾಣೆಗೆ ಒಬ್ಬ ಪಲಾಗಿ ಏದುಸಿರು ಬಿಡುತ್ತಾ ಬಂದ. ಸಮೋವಾದಲ್ಲಿ ಬಿಳಿಯರನ್ನು ಕರೆಯುವುದೇ ಹಾಗೆ. ಇನ್ಸ್‌ಪೆಕ್ಟರ್ ಫೆರೆತಿ ಆಗ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಹಿಂದಿನ ದಿನ ಭಾನುವಾರದ ಪ್ರಾರ್ಥನೆ ಮುಗಿಸಿ, ಚರ್ಚಿನ ಹಿರಿಯರ ಜೊತೆ ಪಾದ್ರಿಗಳ ಮನೆಯಲ್ಲಿ ಊಟಕ್ಕೆ ಕೂತಾಗ, ತಟ್ಟೆಗೆ ಬಿದ್ದ ಕೆಸುವಿನ ಗಡ್ಡೆ ಒಂದು ಥರಾ ವಾಸನೆ ಹೊಡೆದಿತ್ತು. ಪಾದ್ರಿಗಳ ಮನೆಯ ಊಟವನ್ನು ಅರ್ಧಕ್ಕೆ ಬಿಟ್ಟು ಏಳುವ ಧೈರ್ಯ ಆ ದ್ವೀಪದಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ತಿಂದಿದ್ದ. ಈಗ ತೇಗುತ್ತಿದ್ದ.

ದೂರುದಾರನ ಹೆಸರು ಡಂಕನ್ ವೇಲ್. ಮುಕ್ತಮತ ಪ್ರತಿಷ್ಠಾನದ ಇಲ್ಲಿನ ನಿರ್ದೇಶಕ. ಹಣ ಅವನ ದೇಶದ ಸರ್ಕಾರದ್ದು, ಕೆಲಸ ಬೇರೆಯವರ ದೇಶದಲ್ಲಿ ಪ್ರಜಾಪ್ರಭುತ್ವ ಬೆಳೆಸುವುದು. ಮೂರು ತಿಂಗಳಿಂದ ಪತ್ರಿಕೆಗಳಲ್ಲಿ ಅದರದ್ದೇ ಜಗಳ. ಅದು ಗೂಢಚಾರರ ಅಂಗಡಿ ಎಂದು ಕೆಲವರು, ಅವರೂ ಇಲ್ಲದಿದ್ದರೆ ನಮ್ಮ ಮಾತು ಕೇಳುವವರು ಯಾರು ಎಂದು ಕೆಲವರು. ಫೆರೆತಿ ಎರಡೂ ಕಡೆಯವರನ್ನು ನಂಬುತ್ತಿರಲಿಲ್ಲ. ಎರಡೂ ಕಡೆಯವರು ತುಂಬಾ ಮಾತಾಡುತ್ತಾರೆ ಎಂಬುದೊಂದೇ ಅವನ ದೂರು.

“ಏನು ಹೋಗಿದೆ?”

“ಒಂದು ಫೈಲು. ನೀಲಿ ಪ್ಲಾಸ್ಟಿಕ್ ಫೈಲು.”

“ಕಂಪ್ಯೂಟರು?”

“ಇದೆ.”

“ಕ್ಯಾಮೆರಾ?”

“ಅದೂ ಇದೆ. ಸರ್, ಆ ಫೈಲಲ್ಲಿ ನಲವತ್ತೊಂದು ಹೆಂಗಸರ ಹೇಳಿಕೆ ಇತ್ತು. ಹೆಸರು, ಸಹಿ, ಎಲ್ಲಾ.”

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಮೆಲೆಯ ಪೆನ್ನು ನಿಂತಿತು. ಏನು ಹೇಳಿಕೆ ಎಂದು ಅವಳೂ ಕೇಳಲಿಲ್ಲ, ಫೆರೆತಿಯೂ ಕೇಳಲಿಲ್ಲ. ಎರಡು ವರ್ಷದ ಹಿಂದಿನ ಚುನಾವಣೆಯಲ್ಲಿ ಊರಸಭೆ ತಾನು ಹೇಳಿದವನಿಗೇ ಇಡೀ ಊರು ಮತ ಹಾಕಬೇಕೆಂದು ಕಟ್ಟಪ್ಪಣೆ ಮಾಡಿತ್ತು. ಮತಗಟ್ಟೆಯ ಪರದೆಯ ಹಿಂದೆ ಕೆಲವು ಹೆಂಗಸರು ತಮಗೆ ಬೇಕಾದವರಿಗೆ ಹಾಕಿದ್ದರು. ಹಾಗೆಂದು ಊರಿಗೆಲ್ಲ ಗುಮಾನಿಯಿತ್ತು, ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಪ್ರತಿಷ್ಠಾನದ ಮುಂದೆ ಮಾತ್ರ. ಯಾರೆಂದು ಗೊತ್ತಾದರೆ ಊರಸಭೆ ಅವರನ್ನು ಮನೆಮಂದಿ ಸಮೇತ ಊರಿನಿಂದ ಹೊರಗೆ ಹಾಕುತ್ತದೆ. ಆ ಅಪ್ಪಣೆ ಹೊರಟ ದಿನ ತನ್ನ ಮನೆತನದ ಯಜಮಾನನಾಗಿ ಫೆರೆತಿಯೂ ಊರಸಭೆಯ ಸಾಲಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಪೊಲೀಸಿನವನು ಊರಿನ ವಿಷಯದಲ್ಲಿ ಬಾಯಿ ಹಾಕಬಾರದೆಂದು ತನಗೆ ತಾನೇ ಹೇಳಿಕೊಂಡು ಸುಮ್ಮನಿದ್ದ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತಿತ್ತು.

“ನಕಲು ಇದೆಯಾ?” ಎಂದು ಕೇಳಿದ.

“ಇಲ್ಲ. ಕಂಪ್ಯೂಟರಿಗೆ ಹಾಕಬಾರದು ಅಂತ ನಾವೇ ನಿಯಮ ಮಾಡಿದ್ವಿ, ಅವರ ಕ್ಷೇಮಕ್ಕೆ. ಬುಧವಾರದೊಳಗೆ ಅಸಲು ಕಾಗದ ನಮ್ಮ ದೇಶಕ್ಕೆ ಕಳಿಸಬೇಕಿತ್ತು.”

“ಯಾಕೆ?”

“ನಮ್ಮ ಸಂಸತ್ತಲ್ಲಿ ಒಬ್ಬರು ಎದ್ದು ನಿಂತು, ಈ ಹೆಂಗಸರೆಲ್ಲ ಕಟ್ಟುಕತೆ, ಜನರ ತೆರಿಗೆ ದುಡ್ಡು ನೀರುಪಾಲು ಅಂದುಬಿಟ್ರು. ಹೆಸರು ಕೊಟ್ಟು ಸಾಬೀತು ಮಾಡಿ ಅಂತ ಸಮಿತಿ ಕೇಳ್ತು. ಅಲ್ಲಿ ನಮ್ಮನ್ನ ಸುಳ್ಳರು ಅಂತಾರೆ, ಇಲ್ಲಿ ಗೂಢಚಾರರು ಅಂತಾರೆ. ನಾನೇನು ಮಾಡ್ಲಿ?”

“ಆ ಹೆಂಗಸರನ್ನ ಕೇಳಿದ್ರಾ?”

“ಅದಕ್ಕೆ ಹೊತ್ತೆಲ್ಲಿತ್ತು ಸರ್?” ಎಂದ ಡಂಕನ್. ಮೆಲೆ ದೂರನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡಳು. ಕಳವು ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಹತ್ತೂಕಾಲಿಗೆ ಸ್ಥಳ ಪಂಚನಾಮೆ. ಪ್ರತಿಷ್ಠಾನದ ಕಚೇರಿಯೆಂದರೆ ದೋಣಿಕಟ್ಟೆಯ ಹತ್ತಿರದ ಒಂದು ಬಾಡಿಗೆ ಮನೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಬೀಗ ಹಾಕಿ ಡಂಕನ್ ರಾಜಧಾನಿಗೆ ಹೋಗಿದ್ದ, ಈ ದಿನ ಬೆಳಗಿನ ಹಡಗಿನಲ್ಲಿ ವಾಪಸು ಬಂದಿದ್ದ. ಹಿಂದಿನ ಕಿಟಕಿಯ ಐದು ಗಾಜಿನ ಪಟ್ಟಿಗಳನ್ನು ಕಳಚಿ ಕೆಳಗೆ ಇಡಲಾಗಿತ್ತು. ಒಂದೂ ಒಡೆದಿರಲಿಲ್ಲ. ಒಂದರ ಮೇಲೊಂದು ಅಂಚು ಕೂಡಿಸಿ, ಗೀರು ಬೀಳದ ಹಾಗೆ ನಡುವೆ ಹಳೆ ಪತ್ರಿಕೆ ಹಾಸಿತ್ತು. ಕಬ್ಬಿಣದ ಬೀರುವನ್ನು ಮೀಟಿದ ಗುರುತಿಲ್ಲ, ಕೀಲಿ ಹಾಕಿಯೇ ತೆಗೆದದ್ದು.

“ಇಂಥ ಕಳ್ಳ ಸಿಕ್ರೆ ನಮ್ಮನೆ ಕೆಲಸಕ್ಕೆ ಇಟ್ಕೋತೀನಿ ಸರ್,” ಎಂದಳು ಮೆಲೆ. “ನನ್ನ ಗಂಡ ಒಂದು ಲೋಟ ಇಷ್ಟು ನೀಟಾಗಿ ಇಟ್ಟಿದ್ದು ನಾನು ಕಾಣೆ.”

“ಮಾತು ಕಮ್ಮಿ ಮಾಡಿ ಬರಿ. ಗಾಜು ಎಲ್ಲಿದೆ, ಒಳಗೋ ಹೊರಗೋ?”

“ಒಳಗೆ.”

“ಹೊರಗಿಂದ ಬಂದವನು ಹೊರಗೆ ಇಡ್ತಾನೆ. ಬಾಗಿಲ ಕೀಲಿ, ಬೀರು ಕೀಲಿ ಯಾರ ಹತ್ರ ಇರುತ್ತೆ?”

“ಒಂದು ಜೊತೆ ನನ್ನ ಹತ್ರ,” ಎಂದ ಡಂಕನ್. “ಇನ್ನೊಂದು ಫುವಾತಿನೋ ಹತ್ರ. ಆದ್ರೆ ಅವಳಲ್ಲ ಸರ್. ಆ ಹೇಳಿಕೆಗಳನ್ನ ಮನೆ ಮನೆಗೆ ಹೋಗಿ ಬರ್ಕೊಂಡು ಬಂದವಳೇ ಅವಳು.”

ಫುವಾತಿನೋ ಪ್ರತಿಷ್ಠಾನದ ಕ್ಷೇತ್ರ ಕಾರ್ಯಕರ್ತೆ. ಮೂವತ್ತನಾಲ್ಕು ವಯಸ್ಸು, ಚರ್ಚಿನ ಹಾಡಿನ ತಂಡದಲ್ಲಿ ಮೊದಲ ಸಾಲು. ಹನ್ನೊಂದೂವರೆಗೆ ಠಾಣೆಗೆ ಕರೆದರೆ ತಾನೇ ನಡೆದುಕೊಂಡು ಬಂದಳು. ಕಿವಿಯ ಹಿಂದೆ ಕೆಂಪು ದಾಸವಾಳ ಸಿಕ್ಕಿಸಿಕೊಂಡಿದ್ದಳು.

“ಶನಿವಾರ ಎಲ್ಲಿದ್ದೆ?”

“ಹಾಡಿನ ಅಭ್ಯಾಸಕ್ಕೆ.”

“ಆಮೇಲೆ?”

“ಮನೇಲಿ.”

“ಭಾನುವಾರ?”

“ಬೆಳಿಗ್ಗೆ ಕಲ್ಲೊಲೆ ಹೊತ್ತಿಸ್ದೆ, ಅಡುಗೆ ಮಾಡ್ದೆ, ಚರ್ಚಿಗೆ ಬಂದೆ. ನೀವೇ ನೋಡಿದ್ರಲ್ಲ. ಎರಡನೇ ಹಾಡಲ್ಲಿ ತೂಕಡಿಸ್ತಿದ್ರಿ.”

ಮೆಲೆ ಕೆಮ್ಮಿ ನಗು ನುಂಗಿದಳು.

“ನಿನ್ನ ಕೀಲಿ?”

ಸೊಂಟದ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು. “ಇನ್ನೇನಾದ್ರೂ ಕೇಳೋದಿದೆಯಾ?”

ಕೇಳುವುದು ಬೇಕಾದಷ್ಟಿತ್ತು, ಹಿಡಿದಿಡಲು ಆಧಾರವಿರಲಿಲ್ಲ. ಕಳಿಸಿದ.

ಮಧ್ಯಾಹ್ನ ಒಂದಕ್ಕೆ ಸೌಲೋ ಬಂದ. ಊರಸಭೆಯ ಪರವಾಗಿ ಮಾತಾಡುವ ಯಜಮಾನ ಅವನೇ. ಆ ಪದವಿಯ ಗುರುತಾಗಿ ಕೈಯಲ್ಲಿ ಕೋಲು, ಹೆಗಲ ಮೇಲೆ ತೆಂಗಿನ ನಾರಿನ ಚಾಮರ. ಕುರ್ಚಿ ತೋರಿಸುವ ಮೊದಲೇ ಕೂತ.

“ಫೈಲು ಹೋಯ್ತಂತೆ.”

“ಹೌದು ಯಜಮಾನ್ರೇ.”

“ಸಿಕ್ಕಿದ್ರೆ ಮೊದ್ಲು ಊರಸಭೆಗೆ ತಾ. ಒಂದು ಸಲ ಓದಿ ವಾಪಸ್ ಕೊಡ್ತೀವಿ.”

“ಅದು ಮುದ್ದೆಮಾಲು. ಕೋರ್ಟಿಗೆ ಹೋಗುತ್ತೆ.”

“ನೀನು ಮೊದ್ಲು ಈ ಊರಿನ ಯಜಮಾನ, ಆಮೇಲೆ ಪೊಲೀಸು. ಪಲಾಗಿ ದುಡ್ಡು ತಿಂದು ಊರಿನ ಮಾನ ಕಳೆದವರು ಯಾರು ಅಂತ ನಮಗೆ ಗೊತ್ತಾಗ್ಬೇಡ್ವಾ?”

“ಅವರು ದುಡ್ಡು ತಿಂದಿಲ್ಲ. ಮತ ಹಾಕಿದ್ದಾರೆ.”

ಬಾಯಿಂದ ಬಂದುಬಿಟ್ಟಿತ್ತು. “ಊರಲ್ಲಿ ಬಾಳಬೇಕಾದವನು ನೀನು,” ಎಂದಷ್ಟೇ ಹೇಳಿ ಸೌಲೋ ಕೋಲು ಊರಿಕೊಂಡು ಎದ್ದು ಹೋದ. ಎರಡು ವರ್ಷದ ಹಿಂದೆ ಆಡಬೇಕಿದ್ದ ಮಾತನ್ನು ಫೆರೆತಿ ಕೊನೆಗೂ ಆಡಿದ್ದ. ಆ ಫೈಲು ಎಲ್ಲೋ ಇದೆ, ಅದು ತನಗಿಂತ ಮೊದಲು ಸೌಲೋನ ಕೈಗೆ ಸಿಕ್ಕಿದರೆ ನಲವತ್ತೊಂದು ಮನೆಗಳು ಹಾಳಾಗುತ್ತವೆ. ಈಗ ಅವನಿಗೆ ಆ ಒಂದೇ ಯೋಚನೆ.

ಎರಡೂ ಇಪ್ಪತ್ತಕ್ಕೆ ಠಾಣೆಯ ಹಿತ್ತಲಿನಿಂದ ಹೊಗೆ ಬಂತು. ಮೆಲೆ ಕಸದ ಜೊತೆ ಮುರಿದ ಪ್ಲಾಸ್ಟಿಕ್ ಕುರ್ಚಿಯ ಚೂರುಗಳನ್ನೂ ಸುಡುತ್ತಿದ್ದಳು. ಫೆರೆತಿ ಬೈಯಲು ಎದ್ದವನು ಬಾಗಿಲಲ್ಲೇ ನಿಂತ. ಮೂಗು ಅರಳಿಸಿ ಮತ್ತೊಮ್ಮೆ ಮೂಸಿದ.

“ಮೆಲೆ, ಈ ವಾಸನೆ ನಾನು ತಿಂದಿದ್ದೀನಿ.”

“ಏನಂದ್ರಿ ಸರ್?”

“ನಿನ್ನೆ. ಪಾದ್ರಿಗಳ ಮನೇಲಿ. ಜೀಪ್ ತೆಗಿ.”

ಭಾನುವಾರ ಫಗಾಲುಪೆಯ ಪ್ರತಿ ಮನೆಯಿಂದಲೂ ಪಾದ್ರಿಗಳ ಮನೆಗೆ ಒಂದು ಬುಟ್ಟಿ ಅಡುಗೆ ಹೋಗುತ್ತದೆ. ಹಸಿ ತೆಂಗಿನ ಗರಿ ಹೆಣೆದ ಬುಟ್ಟಿಗಳು ನೋಡಲು ಎಲ್ಲವೂ ಒಂದೇ, ಆದರೆ ಪಾದ್ರಿಗಳ ಹೆಂಡತಿ ಸಿಯೆನಿ ಹೆಣಿಗೆ ನೋಡಿಯೇ ಯಾವ ಮನೆಯದೆಂದು ಹೇಳುವವಳು. ಪ್ರಶ್ನೆ ಕೇಳಿದಾಗ ಅವಳು ಅಂಗಿಯ ತುದಿ ತಿರುಚತೊಡಗಿದಳು.

“ಅಯ್ಯೋ, ನಿಮ್ಮ ತಟ್ಟೆಗೇ ಬಿತ್ತಾ ಅದು? ಮಿಕ್ಕಿದ್ದನ್ನ ಹಂದಿಗೆ ಹಾಕ್ದೆ, ಅದೂ ಮೂತಿ ತಿರುಗಿಸ್ತು.”

“ಯಾರ ಬುಟ್ಟಿ ಅಮ್ಮ?”

“ದೇವರ ಮನೆಗೆ ಕಳಿಸಿದ್ದನ್ನ ಹೀಗೆ ಆಡ್ಕೋಬಾರದು.”

“ಯಾರ ಬುಟ್ಟಿ?”

ಸಿಯೆನಿ ಒಳಗೆ ಕೇಳಿಸದ ಹಾಗೆ ಬಾಗಿಲು ಎಳೆದುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಫುವಾತಿನೋ ಹೆಸರು ಹೇಳಿದಳು.

ಮೂರೂ ಹತ್ತಕ್ಕೆ, ಇಬ್ಬರು ಪಂಚರ ಸಮಕ್ಷಮ, ಫುವಾತಿನೋ ಮನೆಯ ಹಿಂದಿನ ಅಡುಗೆ ಚಪ್ಪರದಲ್ಲಿ ಎರಡನೇ ಪಂಚನಾಮೆ ನಡೆಯಿತು. ಕಾದ ಕಲ್ಲುಗಳ ಮೇಲೆ ಗಡ್ಡೆ ಇಟ್ಟು, ಎಲೆ ಮುಚ್ಚಿ ಬೇಯಿಸುವ ಒಲೆ ಅದು. ಮೆಲೆ ಕಲ್ಲುಗಳನ್ನು ಒಂದೊಂದಾಗಿ ಮಗುಚಿದಳು. ಏಳನೆಯ ಕಲ್ಲಿನ ಅಡಿಗೆ ನೀಲಿ ಪ್ಲಾಸ್ಟಿಕ್ ಕರಗಿ ಅಂಟಿತ್ತು. ಬೂದಿಯಲ್ಲಿ ಫೈಲಿನ ಕಬ್ಬಿಣದ ಕೊಂಡಿ ಸಿಕ್ಕಿತು. ಕಾಗದ ಒಂದು ಚೂರೂ ಉಳಿದಿರಲಿಲ್ಲ. ಫೆರೆತಿ ಬೂದಿಯನ್ನು ಬೆರಳಿನಲ್ಲಿ ಕೆದಕಿ ಕೆದಕಿ ನೋಡಿದ. ಒಂದು ಅಕ್ಷರವೂ ಇಲ್ಲವೆಂದು ಖಚಿತವಾದಾಗ ಅವನಿಗಾದದ್ದು ಸಂತೋಷ. ಅದನ್ನು ಪಂಚನಾಮೆಯಲ್ಲಿ ಬರೆಯುವ ಹಾಗಿರಲಿಲ್ಲ.

ಫುವಾತಿನೋ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು.

“ಭಾನುವಾರ ಎಲ್ಲರ ಮನೆ ಹಿತ್ತಲಲ್ಲೂ ಹೊಗೆ,” ಎಂದಳು. “ಬೇರೆ ದಿನ ಹೊಗೆ ಬಂದ್ರೆ ಹತ್ತು ಜನ ಇಣುಕ್ತಾರೆ. ಕಾಗದ ಮಾತ್ರ ಸುಡೋಣ ಅಂತಿದ್ದೆ. ಫೈಲಿನ ಬೆನ್ನಿನ ಮೇಲೂ ಕೆಲವರ ಹೆಸರು ಬರೆದಿತ್ತು, ಅದನ್ನೂ ಹಾಕ್ದೆ.”

“ಆ ಅಡುಗೇನ ಪಾದ್ರಿಗಳ ಮನೆಗೆ ಯಾಕೆ ಕಳಿಸ್ದೆ ಮಾರಾಯ್ತಿ? ತಿಂದವನು ನಾನು.”

“ಕಳಿಸದೆ ಇರೋಕಾಗುತ್ತಾ? ಪಾದ್ರಿಗಳಿಗೆ ಬುಟ್ಟಿ ಹೋಗದಿದ್ರೆ ಮಧ್ಯಾಹ್ನದೊಳಗೆ ಇಡೀ ಊರು ನಮ್ಮನೆ ಬಾಗಿಲಲ್ಲಿರ್ತಿತ್ತು. ಬೇರೆ ಅಡುಗೆ ಮಾಡೋಕೆ ಹೊತ್ತಿರ್ಲಿಲ್ಲ, ಚರ್ಚಿನ ಗಂಟೆ ಹೊಡೀತಿತ್ತು. ಹೊಗೆ ತಾಗದ ಮೇಲುಗಡೆ ಗಡ್ಡೆ ಆರಿಸಿ ಆರಿಸಿ ತುಂಬಿದೆ. ಕೆಟ್ಟಿದ್ದು ನಿಮಗೇ ಬೀಳಬೇಕಾ?”

“ಕಿಟಕಿ?”

“ಕಳ್ಳ ಬಂದ ಹಾಗೆ ಕಾಣ್ಲಿ ಅಂತ. ಗಾಜು ಒಡೆಯೋಕೆ ಮನಸ್ಸು ಬರ್ಲಿಲ್ಲ. ಆ ಮನೆ ಮುದುಕಿ ಪಾಪ, ಬಾಡಿಗೇಲೇ ಬದುಕ್ತಾಳೆ.”

ಫೆರೆತಿ ಪಂಚರನ್ನು ಸ್ವಲ್ಪ ದೂರ ಕಳಿಸಿದ. ದನಿ ತಗ್ಗಿಸಿದ. “ನೋಡು, ಪ್ಲಾಸ್ಟಿಕ್ ಎಲ್ಲರ ಮನೇಲೂ ಇರುತ್ತೆ. ನೀನು ಒಪ್ಕೋಬೇಡ. ವಕೀಲರು ಬರೋವರೆಗೆ ಬಾಯಿ ಮುಚ್ಕೊಂಡಿರು.”

“ಒಪ್ಕೋತೀನಿ. ಬರ್ಕೊಳಿ.” ಅವಳ ದನಿ ತಗ್ಗಲಿಲ್ಲ, ಏರಿತು. ಬೇಲಿಯಾಚೆ ಆಗಲೇ ಜನ ಸೇರಿದ್ದರು. “ನಾನೇ ತಗೊಂಡೆ, ನಾನೇ ಸುಟ್ಟೆ ಅಂತ ಬರೀರಿ. ಒಂದು ಹಾಳೆನೂ ಉಳಿದಿಲ್ಲ ಅಂತ ದೊಡ್ಡದಾಗಿ ಬರೀರಿ. ಇಲ್ದಿದ್ರೆ ಎಲ್ಲೋ ಇದೆ ಅಂತ ಇವರು ಹುಡುಕ್ತಾನೇ ಇರ್ತಾರೆ. ಹೆಸರುಗಳು ಇನ್ನು ಇರೋದು ನನ್ನ ತಲೇಲಿ. ಬೇಕಾದವರು ಬಂದು ತೆಕ್ಕೊಳ್ಳಲಿ ನೋಡೋಣ!”

ಬೇಲಿಯಾಚೆ ಡಂಕನ್ ಕೂಡ ನಿಂತಿದ್ದ. “ಫುವಾತಿನೋ, ನಮ್ಮ ಸಂಸ್ಥೆ ಮುಚ್ಚಿಹೋಗುತ್ತೆ,” ಎಂದ. ಸಿಟ್ಟಿಗಿಂತ ಅಳು ಹೆಚ್ಚಿತ್ತು ಆ ದನಿಯಲ್ಲಿ.

“ಮುಚ್ಚಲಿ ಡಂಕನ್. ನಿನ್ನ ದೇಶದವರಿಗೆ ನಂಬಿಕೆ ಬರ್ಬೇಕು ಅಂತ ನನ್ನ ಊರಿನವರು ಬೀದಿಗೆ ಬೀಳ್ಬೇಕಾ? ನಿಮ್ಮ ಹೆಸರು ಹೊರಗೆ ಹೋಗಲ್ಲ ಅಂತ ಅವರವರ ಮನೆ ಚಾಪೆ ಮೇಲೆ ಕೂತು ಮಾತು ಕೊಟ್ಟವಳು ನಾನು. ನೀನಲ್ಲ, ನಿನ್ನ ಸಂಸತ್ತೂ ಅಲ್ಲ.”

ಸಂಜೆ ನಾಲ್ಕೂ ನಲವತ್ತಕ್ಕೆ ಬಂಧನ ದಾಖಲಾಯಿತು.

ಹೇಳಿಕೆಯ ಕೊನೆಯಲ್ಲಿ, ಕಾರಣ ಎಂಬ ಕಡೆ ಮೆಲೆ ಬರೆದುಕೊಂಡದ್ದು ಇಷ್ಟು: ಫುವಾತಿನೋಗೆ ಒಂಬತ್ತು ವರ್ಷವಿದ್ದಾಗ ಅವಳ ತಾಯಿ ದ್ವೀಪದ ಇನ್ನೊಂದು ತುದಿಯ ಊರಿನಲ್ಲಿದ್ದಳು. ಅಧ್ಯಯನಕ್ಕೆಂದು ಬಂದ ವಿದೇಶೀಯರ ಮುಂದೆ ಊರಸಭೆಯ ಬಗ್ಗೆ ನಾಲ್ಕು ಮಾತಾಡಿದ್ದಳು. ಅವರು ಒಳ್ಳೆಯವರೇ. ಅಚ್ಚಾದ ಪುಸ್ತಕದ ಕೊನೆಯಲ್ಲಿ ಕೃತಜ್ಞತೆ ಎಂದು ಅವಳ ಹೆಸರು ಹಾಕಿದ್ದರು. ಆ ಪುಸ್ತಕ ಊರಿಗೆ ಬಂದ ವಾರವೇ ಊರು ಬಿಡುವ ಅಪ್ಪಣೆಯಾಯಿತು. ಐದು ಮಕ್ಕಳನ್ನು ಕಟ್ಟಿಕೊಂಡು ತಾಯಿ ಫಗಾಲುಪೆಯ ತವರಿಗೆ ನಡೆದು ಬಂದಳು. ಸಾಯುವವರೆಗೆ ಹೊರಗಿನವರ ಮುಂದೆ ತನ್ನ ಹೆಸರು ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಸೌಲೋನ ಕಡೆಯ ಇಬ್ಬರು ಠಾಣೆಯೆದುರಿನ ದಿವಿಹಲಸಿನ ಮರದ ಕೆಳಗೆ ಚಾಪೆ ಹಾಸಿ ಕೂತರು. ಕಂಬಿಯ ಹಿಂದಿರುವವರಿಗೆ ಊಟ ಬರುವುದು ಬೇಕಾದವರ ಮನೆಯಿಂದ. ಫುವಾತಿನೋಗೆ ಬುಟ್ಟಿ ತರುವವರು ಯಾರೆಂದು ನೋಡಿಕೊಂಡರೆ ಸಾಕು, ಫೈಲೇ ಬೇಡ. ಅವರ ಲೆಕ್ಕಾಚಾರ ಫೆರೆತಿಗೆ ಕೂಡಲೇ ಅರ್ಥವಾಯಿತು. ರಸ್ತೆಯಲ್ಲಿ ಕೂರಬೇಡಿ ಎನ್ನಲು ಯಾವ ಕಾನೂನೂ ಇರಲಿಲ್ಲ. ಯಾರೂ ಬರದಿರಲಿ ಎಂದು ಅವನು ಬೇಡಿಕೊಳ್ಳುತ್ತಾ ಕೂತ.

ಏಳೂ ನಲವತ್ತಕ್ಕೆ ಚರ್ಚಿನ ತಿರುವಿನಲ್ಲಿ ಬಿಳಿ ಬಟ್ಟೆ ಕಂಡಿತು. ಭಾನುವಾರದ ಬಿಳಿ ಉಡುಪು, ಬಿಳಿ ಟೋಪಿ, ಅದೂ ಮಂಗಳವಾರ. ಒಬ್ಬರ ಹಿಂದೆ ಒಬ್ಬರು, ತಿರುವು ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಹೆಂಗಸರು. ಮುದುಕಿಯರು, ಬಾಣಂತಿಯರು, ಹಿಂದಿನ ವರ್ಷವಷ್ಟೇ ಮತದ ವಯಸ್ಸಿಗೆ ಬಂದವರು. ಊರಿನಲ್ಲಿ ಹೆಂಗಸರೆಂದು ಎಷ್ಟು ಜನರಿದ್ದರೋ ಅಷ್ಟೂ ಜನ, ಪ್ರತಿಯೊಬ್ಬರ ಕೈಯಲ್ಲೂ ಒಂದು ಬುಟ್ಟಿ. ಮುಂದೆ ಸಿಯೆನಿ. ನಡುವೆ ಸೌಲೋನ ಹೆಂಡತಿ. ಮರದ ಕೆಳಗಿನ ಇಬ್ಬರು ಎದ್ದು ನಿಂತರು. ಒಬ್ಬ ತನ್ನ ಸ್ವಂತ ತಾಯಿಯನ್ನು ಸಾಲಿನಲ್ಲಿ ಕಂಡು ಚಾಪೆ ಸುತ್ತತೊಡಗಿದ.

ಸಾಲಿನಲ್ಲಿ ಫೆರೆತಿಯ ಹೆಂಡತಿ ಲಗಿಯೂ ಇದ್ದಳು. ಮೆಟ್ಟಿಲ ಹತ್ತಿರ ಬಂದಾಗ ಅವನು ಪಿಸುಗುಟ್ಟಿದ. “ನೀನೂ ನಾ?”

“ಏನು ನಾನೂ? ನಲವತ್ತೊಂದರಲ್ಲಿ ಒಬ್ಬಳಾ ಅಂತ ಕೇಳ್ತಿದ್ದೀರೋ, ಬುಟ್ಟಿ ತಂದವಳಾ ಅಂತಾನೋ?”

ಫೆರೆತಿ ಬುಟ್ಟಿ ಇಸಿದುಕೊಳ್ಳಲು ಕೈ ಚಾಚಿದ.

“ಗೊತ್ತಿಲ್ಲದ ಹಾಗೇ ಇರಿ. ದಾರಿ ಬಿಡಿ, ಆರಿಹೋಗುತ್ತೆ.”

ಒಳಗಿನಿಂದ ಫುವಾತಿನೋ ಹಾಡು ಎತ್ತಿದಳು. ಹೊರಗಿನವರು ದನಿ ಕೂಡಿಸಿದರು. ಮೆಲೆ ಭೇಟಿಗೆ ಬಂದವರ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಸರ್, ಹೆಸರಿನ ಕಾಲಂನಲ್ಲಿ ಏನು ಬರೀಲಿ?”

ನಿಯಮದ ಪ್ರಕಾರ ಪ್ರತಿಯೊಬ್ಬರ ಪೂರ್ಣ ಹೆಸರು ಬರೆಯಬೇಕು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಫೆರೆತಿ ಒಂದು ಕಾಲಂ ಕೂಡ ಖಾಲಿ ಬಿಟ್ಟವನಲ್ಲ. ಅವನು ಪುಸ್ತಕ ಇಸಿದುಕೊಂಡು, ತಾರೀಕು ಹಾಕಿ, ಏಳೂ ಐವತ್ತು ಎಂದು ಸಮಯ ನಮೂದಿಸಿ, ‘ಫಗಾಲುಪೆಯ ಹೆಂಗಸರು’ ಎಂದು ಬರೆದು, ಕೆಳಗೆ ತನ್ನ ಪೂರ್ಣ ಹೆಸರಿನ ಸಹಿ ಹಾಕಿದ.