ಕುದರಿಯವರ ಮೊದಲ ಹಾಳೆ

ಜಕ್ಕಪ್ಪ ಹೆಳವ ತನ್ನ ಚೋಪಡಿ ಬಿಚ್ಚಿದವನು ಹಾಗೆಯೇ ಕೂತುಬಿಟ್ಟ. ಅವನೆದುರಿಗೆ ಕುದರಿ ಮನೆತನದ ಮೊದಲ ಹಾಳೆ ಇರಬೇಕಾಗಿತ್ತು. ಇರಲಿಲ್ಲ. ಹೊಲಿಗೆಯ ಹತ್ತಿರ ಬೆರಳಗಲದ ಅಂಚು ಮಾತ್ರ ಉಳಿದಿತ್ತು. ಯಾರೋ ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿ ತೆಗೆದಿದ್ದರು.

ಇದು ನಡೆದದ್ದು ಚಿಕ್ಕೋಡಿಯಲ್ಲಿ, ನನ್ನ ಸ್ವಂತ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ೧೯೯೨ರ ಜನವರಿಯ ಒಂದು ಮಧ್ಯಾಹ್ನ. ಅಣ್ಣಾಸಾಬನ, ಎಂದರೆ ನನ್ನ, ಪ್ರೆಸ್ಸಿಗೆ ಬಂದ ಒಂದು ಚೀಟಿ ಕೂಡ ಆವತ್ತಿನವರೆಗೆ ಕಳೆದಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಆವತ್ತು ಅದು ನೆತ್ತಿಗೇರಿತು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕುದರಿ ಅಡ್ಡಹೆಸರಿನವರು ಮೂರು ವರ್ಷಗಳಿಂದ ತಮ್ಮ ಮೂಲ ಹುಡುಕುತ್ತಿದ್ದರು. ನಿಪ್ಪಾಣಿಯ ನಿವೃತ್ತ ಶಿಕ್ಷಕ ಬಾಬಾಸಾಹೇಬ ಕುದರಿಯವರು ಊರೂರಿಗೆ ಪತ್ರ ಬರೆದು, ಹಳೆಯ ಕಾಗದಗಳನ್ನು ಕೂಡಿಹಾಕಿ ಒಂದು ಪುಸ್ತಕ ಸಿದ್ಧಪಡಿಸಿದ್ದರು. ಉಗಾರ ಬುದ್ರುಕದ ರಾವಸಾಹೇಬ ಕುದರಿಯವರು, ಕಬ್ಬು, ದ್ರಾಕ್ಷಿ, ಜೀಪು ಎಲ್ಲ ಉಳ್ಳವರು, ಅದನ್ನು ನನ್ನಲ್ಲಿ ಅಚ್ಚು ಹಾಕಿಸುತ್ತಿದ್ದರು. ಮೂರನೆಯವನು ಅಲಖನೂರದ ಲಗಮಣ್ಣ ಕುದರಿ. ಕುರಿ ಕಾಯುವವನು, ಓದು ಬಾರದು. ಆದರೆ ಯಾವ ಊರಿನಲ್ಲಿ ಎಷ್ಟು ಕುದರಿ ಮನೆಗಳಿವೆ ಎಂಬುದು ಅವನಷ್ಟು ಯಾರಿಗೂ ಗೊತ್ತಿರಲಿಲ್ಲ. ಮಾಸ್ತರರ ಪುಸ್ತಕದ ಪ್ರಕಾರ ಈ ಮನೆತನದ ಮೂಲಪುರುಷ ನೂರು ಸವಾರರೊಂದಿಗೆ ಕೃಷ್ಣೆ ದಾಟಿ ಬಂದ ಒಬ್ಬ ದಂಡನಾಯಕ. ಲಗಮಣ್ಣ ಮಾತ್ರ, "ಹೆಳವರನ್ನ ಕೇಳದ ಅಚ್ಚ ಹಾಕಬ್ಯಾಡ್ರಿ" ಎಂದು ಹಟ ಹಿಡಿದಿದ್ದ. ಹಾಗಾಗಿ ಜಕ್ಕಪ್ಪನನ್ನು ಕರೆಸಿದ್ದರು.

ಹೆಳವರೆಂದರೆ ಎತ್ತಿನ ಮೇಲೆ ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿ ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುವವರು. ಆ ಬರಹದ ಪುಸ್ತಕವೇ ಚೋಪಡಿ. ಜಕ್ಕಪ್ಪನ ಮನೆಯ ರೂಢಿಯೊಂದಿತ್ತು. ಹಾಳೆ ಓದಿದಾಗಲೆಲ್ಲ ಆ ಮನೆಯವರು ಅದರ ಮೇಲೆ ಭಂಡಾರ, ಎಂದರೆ ಅರಿಶಿಣದ ಪುಡಿ, ಉದುರಿಸಬೇಕು. ಅದನ್ನು ಒರೆಸುವಂತಿಲ್ಲ. ತಲೆಮಾರುಗಳ ಭಂಡಾರ ಕೂತು ಚೋಪಡಿಯ ಹಾಳೆಗಳೆಲ್ಲ ಹಳದಿಯಾಗಿದ್ದವು.

ಆ ಬೆಳಿಗ್ಗೆ ಜಕ್ಕಪ್ಪ ಚೋಪಡಿಯನ್ನು ಹಿಂದಿನ ಕೋಣೆಯಲ್ಲಿ ಕಂಬಳಿಯ ಮೇಲಿಟ್ಟು, ಕುದರಿಯವರ ಹಾಳೆಗೆ ನೂಲಿನ ಗುರುತು ಹಾಕಿ, ಎತ್ತಿಗೆ ನೀರು ಕುಡಿಸಲು ಹೋದ. ಲಗಮಣ್ಣ ತಂಬಾಕಿನ ಚಂಚಿ ಬಿಚ್ಚಿದ.

"ಅಣ್ಣಾಸಾಬ, ಒಂಚೂರ ಸುಣ್ಣ ಐತೇನೋ? ನನ್ನ ಡಬ್ಬಿ ನಿನ್ನೇನ ಖಾಲಿ ಆಗೈತಿ."

"ಇದು ಪ್ರೆಸ್ ಐತಿ ಕಾಕಾ, ಪಾನಪಟ್ಟಿ ಅಂಗಡಿ ಅಲ್ಲ" ಎಂದೆ. ಅವನು ಬರೀ ತಂಬಾಕನ್ನೇ ಬಾಯಿಗೆ ಹಾಕಿಕೊಂಡು, ಮುಖ ಕಿವುಚುತ್ತ ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ಕೂತ. ರಾವಸಾಹೇಬರು ಹಳೆಯ ಫೋಟೋ ತರಲು ಜೀಪಿನ ಕಡೆ ನಡೆದರು. ಮಾಸ್ತರರು ನಾನು ಆಗಷ್ಟೇ ತೊಳೆದಿಟ್ಟಿದ್ದ ಮುಖಪುಟದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದರು.

"ಮುಟ್ಟಬ್ಯಾಡ್ರಿ ಮಾಸ್ತರ. ಅರಿವಿ ಒಗಿಯೂ ಸೋಡಾದ ನೀರಾಗ ತೊಳದೇನಿ, ಇನ್ನಾ ಹಸಿ ಅದಾವು. ಕೈ ಉರೀತಾವು" ಎಂದು ಗದರಿದೆ. ಅವರು ನಕ್ಕು, ಕೈಯನ್ನು ಕರವಸ್ತ್ರಕ್ಕೆ ಒರೆಸಿ, ತಾವೇ ಬರೆದ ವಂಶವೃಕ್ಷದ ದೊಡ್ಡ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದರು. ನಾನು ಮಷೀನು ತುಳಿಯುತ್ತ ನಿಂತೆ. ಆ ಸದ್ದಿನಲ್ಲಿ ಬೆನ್ನ ಹಿಂದೆ ಯಾರು ಓಡಾಡಿದರೂ ನನಗೆ ತಿಳಿಯುವಂತಿರಲಿಲ್ಲ.

ಅರ್ಧ ತಾಸಿನ ಮೇಲೆ ಜಕ್ಕಪ್ಪ ಬಂದು ಚೋಪಡಿ ಬಿಚ್ಚಿದ. ಹಾಳೆ ಇಲ್ಲ. ಅದರ ಎದುರಿನ ಹಳದಿ ಪುಟದ ಮೇಲೆ, ಯಾರೋ ಒತ್ತಿ ಹಿಡಿದಂತೆ, ಮೂರು ಬೆರಳಿನ ಕೆಂಪು ಗುರುತು.

"ಕುಂಕುಮ ಇದು" ಎಂದರು ರಾವಸಾಹೇಬರು. ಲಗಮಣ್ಣನ ಹಣೆಯ ಮೇಲೆ ಕುಂಕುಮವಿತ್ತು. ಅಷ್ಟೇ ಸಾಕಾಯಿತು. ರಾವಸಾಹೇಬರು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದ ರಭಸಕ್ಕೆ ಅಂಗಿ ಚರ್ರೆಂದು ಹರಿಯಿತು. ಅಪ್ಪನ ವಯಸ್ಸಿನ ಮನುಷ್ಯನ ಮೇಲೆ ಕೈ ಮಾಡುತ್ತಾರಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ನಡುವೆ ಹೋಗಿ ಕೈ ಬಿಡಿಸಿದೆ.

ಮಾಸ್ತರರು ತಣ್ಣಗೆ ಹೇಳಿದರು, "ಲಗಮಣ್ಣಗ ಯಾಕ ಅಂತೀರಿ? ಚೋಪಡಿ ಯಾರ ಕೈಯಾಗ ಇತ್ತು? ಈ ಮಂದಿ ಒಂದೊಂದ ಮನ್ಯಾಗ ಒಂದೊಂದ ಕತಿ ಹೇಳ್ತಾರ. ಹಾಳಿ ತೋರಿಸಿದ್ರ ಬಣ್ಣ ಬಯಲಾಗ್ತದ ಅಂತ ತಾನ ಕತ್ತರಿಸ್ಯಾನ."

ಜಕ್ಕಪ್ಪ ತಲೆ ಎತ್ತಲಿಲ್ಲ. "ನಾಳೆ ಕಬ್ಬೂರಾಗ ನಮ್ಮ ಮಂದಿ ಕೂಡ್ತೈತ್ರಿ. ಎಲ್ಲಾರೂ ಚೋಪಡಿ ತೋರಿಸಬೇಕು. ಹಾಳಿ ಕಳಕೊಂಡಾನ ಅಂದ್ರ ನನ್ನ ಕೈಯಾಗಿಂದ ಕಸಗೊಂತಾರ. ಕಳಕೊಂಡ ಹೆಳವನ್ನ ಯಾವ ಮನಿಯಾವ್ರೂ ಒಳಗ ಕರಿಯಾಂಗಿಲ್ರಿ. ನನ್ನ ಮಕ್ಕಳನ್ನೂ ಕರಿಯಾಂಗಿಲ್ಲ" ಎಂದ.

ನಾನು ಪಕ್ಕದ ಮನೆಗೆ ಓಡಿದೆ. ಅಲ್ಲಿ ಚನ್ನವ್ವಕ್ಕ ಇದ್ದಳು. ಮೂವತ್ತು ವರ್ಷ ಸರ್ಕಾರಿ ನರ್ಸಬಾಯಿಯಾಗಿದ್ದು ನಿವೃತ್ತಳಾದವಳು. ಊರಿನಲ್ಲಿ ಏನೇ ಕಳೆದರೂ, ಯಾರೇ ಸುಳ್ಳಾಡಿದರೂ ಜನ ಅವಳ ಕಟ್ಟೆಗೇ ಬರುತ್ತಿದ್ದರು. ಅವಳು ಬಿಡಿಸಿದ ಕಗ್ಗಂಟುಗಳಿಗೆಲ್ಲ ನಾನೇ ಸಾಕ್ಷಿ. ಹೆಸರುಬೇಳೆ ಆರಿಸುತ್ತ ಕೂತಿದ್ದಳು.

"ರಾವಸಾಹೇಬನ ಮಾಡ್ಯಾನಕ್ಕಾ" ಎಂದೆ ಏದುಸಿರು ಬಿಡುತ್ತ. "ಕುರಿ ಕಾಯಾಂವ ತನ್ನ ಅಣ್ಣತಮ್ಮ ಆಗ್ತಾನ ಅಂತ ಹೆದರಿಕಿ ಅಂವಗ."

"ನಿನ್ನ ಸಿಟ್ಟ ನನಗ ಉಪಯೋಗಿಲ್ಲ ತಮ್ಮಾ. ನೀ ಕಂಡದ್ದ ಹೇಳು." ಬೆಳಗಿನಿಂದ ನಡೆದುದೆಲ್ಲವನ್ನೂ ಹೇಳಿದೆ. ಅವಳು ಮೊರ ಬದಿಗಿಟ್ಟು ಎದ್ದಳು.

ಪ್ರೆಸ್ಸಿನಲ್ಲಿ ಆ ಮೂರು ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಬಾಯಿಂದ ಊದಿದಳು. ಸುತ್ತಲಿನ ಭಂಡಾರ ಹಾರಿತು, ಕೆಂಪು ಹಾರಲಿಲ್ಲ. ಕಾಗದದೊಳಗೆ ಇಳಿದುಬಿಟ್ಟಿತ್ತು. ಆಮೇಲೆ ಜಕ್ಕಪ್ಪನ ಪಕ್ಕದಲ್ಲಿ ಕೂತಳು.

"ಹಾಳ್ಯಾಗ ಏನಿತ್ತೋ ಜಕ್ಕಪ್ಪಾ?"

"ಹಾಳಿ ಮುಂದ ಇಲ್ಲದ ಒಳಗಿನ ಮಾತ ಆಡಬಾರದ್ರಿ. ಆಡಿದ್ರ ಅದು ಸುಳ್ಳಿಗೆ ಸಮ."

"ಆತು, ಆಡಬ್ಯಾಡ. ಈ ಹಾಳಿ ಹಿಂದ ಯಾರ್ಯಾರ ಕೇಳ್ಯಾರ ಹೇಳು."

"ಲಗಮಣ್ಣ ಸಣ್ಣಾವಿದ್ದಾಗ ನಮ್ಮಪ್ಪನ ಕಡಿಂದ ಕೇಳ್ಯಾನ. ದೀಪಾವಳಿಗೆ ರಾವಸಾಹೇಬ್ರು ಹೇಳಿ ಕಳಿಸಿದ್ರು, ನನಗ ಹೋಗಾಕ ಆಗಲಿಲ್ಲ. ಮಾಸ್ತರು ಹದಿನೈದು ದಿನದ ಹಿಂದ ಕಬ್ಬೂರಿಗೆ ಬಂದು ಓದಿಸಿಕೊಂಡ ಹೋಗ್ಯಾರ."

ನೋಡಿದೆಯಾ, ರಾವಸಾಹೇಬರು ದೀಪಾವಳಿಯಿಂದಲೇ ಹೊಂಚು ಹಾಕಿದ್ದಾರೆ ಎಂದು ನಾನು ಹಲ್ಲು ಕಡಿದೆ. ಅವರು ಆಗಲೇ ತಮ್ಮ ಡ್ರೈವರನ ಕೈಯಿಂದ ಎಲ್ಲರ ಚೀಲ, ಜೋಳಿಗೆ, ನನ್ನ ಕಾಗದದ ಕಪಾಟು ಎಲ್ಲವನ್ನೂ ತಪಾಸಣೆ ಮಾಡಿಸಿದ್ದರು. ತಮ್ಮ ಜೀಪನ್ನೂ ತಾವೇ ತೆರೆದು ತೋರಿಸಿದ್ದರು. ಹಾಳೆ ಎಲ್ಲೂ ಸಿಕ್ಕಿರಲಿಲ್ಲ. ಪೊಲೀಸರನ್ನು ಕರೆಯುತ್ತೇನೆಂದು ಹಾರಾಡುತ್ತಿದ್ದರು.

"ಒಂದ ತಾಸ ತಡೀರಿ ಸಾಹೇಬ್ರ" ಎಂದಳು ಚನ್ನವ್ವಕ್ಕ. "ಎಲ್ಲಾರೂ ಗಿಡದ ಕೆಳಗ ಕೂಡ್ರಿ. ತಮ್ಮಾ, ಸ್ವಲ್ಪ ಅರಷಿಣಪುಡಿ, ಮೂರು ಬಿಳಿ ಹಾಳಿ, ಒಂದ ಸೀಮೆಸುಣ್ಣದ ತುಂಡು, ನೀ ಮೊಳಿ ತೊಳಿಯೂ ಸೋಡಾ ನೀರು ತಗೊಂಬಾ."

ಬೇವಿನ ಗಿಡದ ಕೆಳಗೆ ಎಲ್ಲರೂ ಕೂತರು. ಮಾಸ್ತರರು ಕುರ್ಚಿಯಲ್ಲಿ, ಸುರುಳಿ ತೊಡೆಯ ಮೇಲೆ. ಚನ್ನವ್ವಕ್ಕ ಮೂರೂ ಹಾಳೆಗೆ ಅರಿಶಿಣ ತಿಕ್ಕಿದಳು.

"ಇದು ಕುಂಕುಮ ಅಲ್ಲ" ಎಂದು ಶುರು ಮಾಡಿದಳು. "ಪುಡಿ ಆಗಿದ್ರ ಊದಿದಾಗ ಹಾರತಿತ್ತು. ಬಾಣಂತಿ ಸೀರಿ ಒಗದ ಹೆಣಮಕ್ಕಳಿಗೆಲ್ಲಾ ಇದು ಗೊತ್ತೈತಿ. ಅರಷಿಣ ಹತ್ತಿದ ಅರಿವಿಗೆ ಸೋಡಾ ಬಿತ್ತಂದ್ರ ಕೆಂಪಾಗ್ತೈತಿ. ಸುಣ್ಣ ಹತ್ತಿದ್ರೂ ಹಂಗ. ಅಂದ್ರ ಹಾಳಿ ಕತ್ತರಿಸಿದವನ ಬೆರಳಿಗೆ ಸುಣ್ಣರೆ ಇತ್ತು, ಸೋಡಾರೆ ಇತ್ತು."

"ಸುಣ್ಣ ಅಂದ್ರ ತಂಬಾಕ ತಿನ್ನಾಂವ" ಎಂದರು ರಾವಸಾಹೇಬರು, ಲಗಮಣ್ಣನ ಕಡೆ ನೋಡುತ್ತ.

"ಲಗಮಣ್ಣನ ಡಬ್ಬಿ ನಿನ್ನೇನ ಖಾಲಿ. ಬೆಳಿಗ್ಗೆ ಅಣ್ಣಾಸಾಬನ್ನ ಸುಣ್ಣ ಬೇಡ್ಯಾನ, ಇಂವ ಕೊಟ್ಟಿಲ್ಲ. ಕಾಕಾ, ಬೆರಳ ಒತ್ತು." ಲಗಮಣ್ಣ ತಂಬಾಕು ತಿಕ್ಕಿದ ಬೆರಳನ್ನು ಮೊದಲ ಹಾಳೆಗೆ ಒತ್ತಿದ. ಕಂದು ಕೊಳೆ ಹತ್ತಿತು, ಕೆಂಪಾಗಲಿಲ್ಲ. ಅವಳು ಎರಡನೆಯ ಹಾಳೆಗೆ ಸೀಮೆಸುಣ್ಣ ಉಜ್ಜಿದಳು. ಅದೂ ಕೆಂಪಾಗಲಿಲ್ಲ. "ಸಾಲಿ ಕಲಿಸಿದವರ ಕೈ ಅಂದ್ರ ಸೀಮೆಸುಣ್ಣ ಅಂತ ಯಾರರೆ ಅಂದಾರು. ಅದೂ ಅಲ್ಲ." ಮೂರನೆಯದಕ್ಕೆ ಸೋಡಾ ನೀರಿನಲ್ಲಿ ಅದ್ದಿದ ಬೆರಳು ಒತ್ತಿದಳು. ಕ್ಷಣದಲ್ಲಿ ಅದೇ ಕೆಂಪು ಮೂಡಿತು.

"ಸೋಡಾ ನೀರು ಇರೂದು ಇವನ ಪ್ರೆಸ್ಸಿನ ಮುಂದಿನ ಖೋಲ್ಯಾಗ. ಜಕ್ಕಪ್ಪ ಆ ಕಡೆ ಹೋಗಿಲ್ಲ. ಸಾಹೇಬ್ರು ಜೀಪಿನ ಕಡೆ ಹೋಗ್ಯಾರ, ಮೊಳಿ ಮುಟ್ಟಿಲ್ಲ. ಅಣ್ಣಾಸಾಬ ಮಷೀನ ಬಿಟ್ಟ ಅಲಗಿಲ್ಲ, ಅಲಗಿದ್ರ ಸಪ್ಪಳ ನಿಂದ್ರತಿತ್ತು. ಹಸಿ ಮೊಳಿ ಎತ್ತಿದವರು ಒಬ್ಬರ. ಕರವಸ್ತ್ರಕ್ಕ ಒರಿಸಿದ್ರ ಸೋಡಾದ ಜಾರಕಿ ಹೋಗಾಂಗಿಲ್ಲ. ನೀರಾಗ ತೊಳೀಬೇಕು. ಹೌದಲ್ರಿ ಮಾಸ್ತರ?"

ನನಗೆ ಮೈಮೇಲೆ ಬಿಸಿನೀರು ಸುರಿದ ಹಾಗಾಯಿತು. ನನ್ನ ಸಿಟ್ಟೆಲ್ಲ ತಪ್ಪು ಮನುಷ್ಯನ ಮೇಲೆ ಖರ್ಚಾಗಿತ್ತು.

"ಪುಸ್ತಕ ಬರದಾಂವ ನಾನು, ನನಗ ಹಾಳಿ ಕದಿಯೂ ಗರಜ ಏನೈತಿ?" ಎಂದರು ಮಾಸ್ತರರು.

"ಅದರಾಗ ಏನೈತಿ ಅಂತ ಗೊತ್ತಿದ್ದಾವರು ಇಲ್ಲಿ ಮೂರ ಮಂದಿ. ಜಕ್ಕಪ್ಪಗ ಹಾಳಿ ಹೋದ್ರ ಅನ್ನ ಹೋಗ್ತೈತಿ. ಲಗಮಣ್ಣಗ ಹಾಳಿ ಬೇಕಾಗಿತ್ತು, ಅದಕ್ಕ ಹೆಳವರನ್ನ ಕರಸ್ರಿ ಅಂತ ಮೂರು ವರ್ಷದಿಂದ ಹೇಳಾಕತ್ತಾನ. ನೀವು ಕಬ್ಬೂರಿಗೆ ಹೋಗಿ ಕೇಳಿ ಬಂದ್ರಿ, ಬಂದು ಒಬ್ಬರ ಮುಂದೂ ಬಾಯಿ ಬಿಡಲಿಲ್ಲ. ಯಾಕ್ರಿ? ನಿಮ್ಮ ದಂಡನಾಯಕ ಆ ಹಾಳ್ಯಾಗ ಇಲ್ಲ. ಹಾಳಿ ಇಲ್ಲಂದ್ರ ಹೆಳವ ಓದಾಂಗಿಲ್ಲ, ಓದಿದ್ರೂ ಯಾರೂ ನಂಬಾಂಗಿಲ್ಲ. ಅದಕ್ಕ ಅಂವನ್ನ ಸುಳ್ಳಗಾರ ಅಂತ ಮೊದಲ ಅಂದಾವ್ರೂ ನೀವ."

ಮಾಸ್ತರರು ಏಳಲು ನೋಡಿದರು. ಚನ್ನವ್ವಕ್ಕ ಕೈ ಅಡ್ಡ ಹಿಡಿದಳು. "ಹಳೇ ಕಾಗದ ಕೂಡಿಸಿ ಕೂಡಿಸಿ ತಲಿ ಹಣ್ಣಾದಾವ್ರು ನೀವು. ಕಾಗದ ಸುಡಾಕ ನಿಮಗ ಕೈ ಬರಾಂಗಿಲ್ಲ. ಎಲ್ಲಾರ ಚೀಲಾ ನೋಡ್ಯಾರ, ನಿಮ್ಮ ಸುರುಳಿ ಒಂದ ಯಾರೂ ಬಿಚ್ಚಿಲ್ಲ. ಬಿಚ್ರಿ."

ಅವರು ಬಿಚ್ಚಲಿಲ್ಲ. ನಾನೇ ಕಿತ್ತುಕೊಂಡು ಬಿಚ್ಚಿದೆ. ದಂಡನಾಯಕನ ಹೆಸರಿನ ಮೇಲೆ ಹಳದಿ ಪುಡಿ ಉದುರಿತು. ಒಳಗೆ ಆ ಹಾಳೆ, ಮಡಿಕೆ ಕೂಡ ಬೀಳದಂತೆ ಜೋಪಾನವಾಗಿ ಸುತ್ತಿಟ್ಟದ್ದು.

ಜಕ್ಕಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಆಮೇಲೆ ನಿಂತು, ರಾಗ ಎಳೆದು ಓದಿದ. ಹೊನ್ನವ್ವ ಎಂಬ ಹೆಣ್ಣುಮಗಳು. ಗಂಡ ಸತ್ತ ಮೇಲೆ ಮಂದಿಯ ಕುರಿ ಕಾಯಲು ಹೊಳೆದಂಡೆಗೆ ಬಂದವಳು. ದಾರಿಯಲ್ಲಿ ದಂಡಿನವರು ಬಿಟ್ಟುಹೋದ ಕುಂಟು ಕುದುರೆಯೊಂದಕ್ಕೆ ಸೊಪ್ಪು ಕಟ್ಟಿ ವಾಸಿ ಮಾಡಿ ಮನೆ ಮುಂದೆ ಕಟ್ಟಿದಳು. ಸುತ್ತಲಿನವರು ಅವಳ ಮನೆಯನ್ನು ಕುದರಿಯವರ ಮನೆ ಎಂದರು. ಇಬ್ಬರು ಗಂಡುಮಕ್ಕಳು. ಹಿರಿಯವನು ಕುರಿ ಹೊಡೆದುಕೊಂಡು ಅಲಖನೂರಿಗೆ, ಕಿರಿಯವನು ಉಳುಮೆ ಮಾಡಿಕೊಂಡು ಉಗಾರಕ್ಕೆ.

"ಕೇಳಿದ್ರೆಲ್ಲಾ, ನಾ ಹಿರೇರ ಪೈಕಿ" ಎಂದ ಲಗಮಣ್ಣ. ರಾವಸಾಹೇಬರ ಕಡೆ ತಿರುಗಿ, "ತಮ್ಮಾ, ಅಂಗಿ ಹೊಲಿಸಿಕೊಡು" ಎಂದ. ರಾವಸಾಹೇಬರು ತಲೆ ತಗ್ಗಿಸಿದರು. ನನಗೆ ಅಷ್ಟು ಸಾಲದು ಅನ್ನಿಸಿತು, ಅವನಿಗೆ ಸಾಕಾಯಿತು.

ತಗ್ಗಿದ ತಲೆ ಎತ್ತಿದಾಗ ರಾವಸಾಹೇಬರ ಕಣ್ಣು ಕೆಂಡವಾಗಿದ್ದವು. "ಮೂರು ವರ್ಷ ನಮಗೆಲ್ಲಾ ಸುಳ್ಳ ಉಣಿಸಿದಿ ಮಾಸ್ತರ. ನಿನ್ನ ಮಾತ ಕೇಳಿ ಈ ಬಡ ಹೆಳವನ್ನ ಜೇಲಿಗೆ ಕಳಸಾವಿದ್ದೆ. ಜಕ್ಕಪ್ಪಾ, ಇವನ ಹೆಸರು ಆ ಹಾಳ್ಯಾಗಿಂದ ಹೊಡದ ಹಾಕು."

"ಹೊಡದ ಹಾಕೂದು ನಮ್ಮ ಕಸಬಲ್ರಿ ಸಾವಕಾರ್ರ. ನಮ್ಮದು ಬರಿಯೂ ಕಸಬು" ಎಂದ ಜಕ್ಕಪ್ಪ. ಹಾಳೆಯನ್ನು ಮಗುಚಿದ. ಹಿಂಬದಿಯಲ್ಲಿ ಈಗಿನ ಮನೆಗಳ ಹೆಸರುಗಳಿದ್ದವು. ನನ್ನ ಕಡೆ ಕೈ ಚಾಚಿ ಪೆನ್ನು ಕೇಳಿದ.

ಅವನೇನು ಬರೆಯಲಿದ್ದಾನೆಂದು ಎಲ್ಲರಿಗಿಂತ ಮೊದಲು ಮಾಸ್ತರರಿಗೆ ತಿಳಿಯಿತು. ಕುರ್ಚಿಯಿಂದ ಜಾರಿ ನೆಲಕ್ಕೆ ಕೂತರು.

"ಅದೊಂದ ಬರೀಬ್ಯಾಡೋ ಜಕ್ಕಪ್ಪಾ. ಪೊಲೀಸರಿಗೆ ಕೊಡು, ನಾಕ ಮಂದಿ ಮುಂದ ಹೊಡಿ. ಅದನ್ನ ಬರದ್ರ ನೀ ಬಂದಾಗೊಮ್ಮೆ ಓದ್ತಿ. ನನ್ನ ಮೊಮ್ಮಕ್ಕಳು ಕೇಳ್ತಾರ."

"ಕೇಳ್ಲಿರಿ" ಎಂದ ಜಕ್ಕಪ್ಪ. ಆ ಇಡೀ ದಿನದಲ್ಲಿ ಅವನ ದನಿ ಏರಿದ್ದು ಅದೊಂದೇ ಸಲ. "ನನ್ನ ಮೊಮ್ಮಕ್ಕಳು ಏನ ಕೇಳಬೇಕಾಗಿತ್ತರಿ ಮಾಸ್ತರ?"

ಚನ್ನವ್ವಕ್ಕ ಬರೆಯಲು ಅನುಕೂಲವಾಗಲೆಂದು ಹಾಳೆಯ ತುದಿ ಹಿಡಿದುಕೊಂಡಳು. ಜಕ್ಕಪ್ಪ ಅವಸರ ಮಾಡಲಿಲ್ಲ. ಬರೆದು ಮುಗಿಸಿ, ಎಲ್ಲ ಮನೆಗಳ ಮುಂದೆ ಓದುವ ಅದೇ ರಾಗದಲ್ಲಿ, ಅಂಗಳಕ್ಕೆಲ್ಲ ಕೇಳುವಂತೆ ಓದಿದ.

"ನಿಪ್ಪಾಣಿ ಬಾಬಾಸಾಹೇಬ. ಅವಗ ಇಬ್ಬರು ಗಂಡಮಕ್ಕಳು, ಒಬ್ಬಾಕಿ ಮಗಳು. ಇಂವ ತನ್ನ ಹಿರೇರ ಹಾಳಿ ಕತ್ತರಿಸಿದ, ಕತ್ತರಿಸಿ ತಪ್ಪ ಹೆಳವನ ಮ್ಯಾಲ ಹಾಕಿದ."