ಒಣಗಲೊಲ್ಲದ ಗೋಡೆ

"ನಿಮ್ಮ ಗೋಡೆ ಇನ್ನೂ ಒಣಗಿಲ್ಲ ಪಾಸ್ಕೋ," ಎಂದಳು ವೆನ್ನಾ, ಅಂಗೈಯನ್ನು ಗಾರೆಯ ಮೇಲಿಟ್ಟು, ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು.

"ಹೌದಾ? ಛೇ!" ಎಂದ ಅವನು. ಛೇ ಎಂದವನ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. "ಹಾಗಾದ್ರೆ ನಾಳೇನೂ ಬರಬೇಕಾಗುತ್ತೆ ನೀವು."

"ಬರಲೇಬೇಕಲ್ಲ. ಏನ್ಮಾಡೋದು!"

ಕಾರ್ನ್‌ವಾಲ್‌ನ ಆ ಹುಲ್ಲು ಹೊದಿಸಿದ ಮಣ್ಣುಗೋಡೆಯ ಮನೆ ಪಾಸ್ಕೋನ ಮುತ್ತಜ್ಜಿಯದು. ಯಾರೋ ಪುಣ್ಯಾತ್ಮರು ಹಿಂದೆ ಗೋಡೆಗೆಲ್ಲ ಸಿಮೆಂಟ್ ಮೆತ್ತಿದ್ದರು. ಮಣ್ಣಿಗೆ ಉಸಿರಾಡಲಾಗದೆ ಒಳಗೊಳಗೇ ತೇವ ಕಟ್ಟಿಕೊಂಡಿತ್ತು. ಆ ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣದ ಗಾರೆ ಹಚ್ಚಲು ವೆನ್ನಾ ಬಂದದ್ದು ಬೇಸಿಗೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಪಾಸ್ಕೋ ಮಗಳು ಎಲೋವೆನ್‌ಳನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದ. ಕ್ರಿಸ್‌ಮಸ್‌ಗೆ ಅವಳನ್ನು ಇಲ್ಲಿಗೆ ಕರೆತರುವೆನೆಂದು ಮಾತು ಕೊಟ್ಟಿದ್ದ. ಹೊಸ ಬಚ್ಚಲು, ಬೆಚ್ಚಗಿನ ನೆಲ, ಮಗಳಿಗೆ ಅಟ್ಟದ ಕೋಣೆ, ಎಲ್ಲ ಸಿದ್ಧವಾಗಿತ್ತು. ಉಳಿದದ್ದು ಅಡುಗೆಮನೆಯ ಈ ಗೋಡೆ. ಇದು ಒಣಗಿದರೆ ಸುಣ್ಣ ಬಳಿದು ವೆನ್ನಾ ವೇಲ್ಸ್‌ಗೆ ಹೊರಡಬೇಕು. ಅಲ್ಲೊಂದು ಹಳೆಯ ಚರ್ಚಿನ ಕೆಲಸ ಒಪ್ಪಿಕೊಂಡಿದ್ದಳು.

ಸುಣ್ಣದ ಗಾರೆ ಅವಸರದಲ್ಲಿ ಒಣಗಿದರೆ ಬಿರುಕು ಬಿಡುತ್ತದೆ. ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ಬಾಣಂತಿಯ ಹಾಗೆ ನೋಡಿಕೊಳ್ಳಬೇಕು. ಆ ಆರೈಕೆಯ ದಿನಗಳು ಎಂದೋ ಮುಗಿದಿದ್ದವು. ಆದರೂ ಸಂಜೆ ಪಾಸ್ಕೋ ಚಹಾದ ಲೋಟ ತೊಳೆಯಲು ಅತ್ತ ತಿರುಗಿದಾಗ, ವೆನ್ನಾ ಕದ್ದು ಗೋಡೆಗೆ ನೀರು ಚಿಮುಕಿಸುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಬಿಡಲಾಗುತ್ತಿರಲಿಲ್ಲ. ಬಾಗಿಲ ತಗ್ಗು ತೊಲೆಗೆ ಅವನು ತಲೆ ಬಡಿದುಕೊಂಡು "ಅಯ್ಯೋ" ಎನ್ನುವುದನ್ನು ಕೇಳದೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ.

ಕಿಟಕಿಯ ಅಂಚಿನ ಮೇಲಿದ್ದ, ಗಾರೆ ಮೆತ್ತುವ ಅವಳ ಕರಣೆಗೆ ಅವನು ಕೈ ಹಾಕಿದ.

"ಏಯ್, ಮುಟ್ಟಬೇಡಿ! ನಮ್ಮಪ್ಪಂದು ಅದು. ಗಾರೆಯವರು ಹೆಂಡ್ತೀನಾದ್ರೂ ಬಿಟ್ಟಿರ್ತಾರೆ, ಕರಣೆ ಬಿಟ್ಟಿರಲ್ಲ ಅಂತಿದ್ರು."

"ನಿಮಗೆ ಬಿಟ್ಟಿರಕ್ಕೆ ಗಂಡಾನೂ ಇಲ್ವಲ್ಲ."

"ಅದಕ್ಕೇ ಕರಣೇನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ!"

ಅವನು ನಕ್ಕ. ನಕ್ಕಾಗ ಎಡಗೆನ್ನೆಯ ಮೇಲೆ ಅಂಟಿದ್ದ ಸುಣ್ಣದ ಚುಕ್ಕೆ ಅಲುಗಿತು. ಅದನ್ನು ಒರೆಸಬೇಕೆಂದು ತವಕಿಸಿದ ಬೆರಳುಗಳನ್ನು ವೆನ್ನಾ ಜೇಬಿಗೆ ತುರುಕಿದಳು.

ಮರುದಿನ ಬೆಳಗ್ಗೆ ಬಂದು ನೋಡಿದರೆ ಗೋಡೆಯಿಂದ ನೀರು ಇಳಿಯುತ್ತಿತ್ತು. ನೆಲದಲ್ಲಿ ಮಡು. ತಾನು ಚಿಮುಕಿಸಿದ್ದು ಎರಡು ಬೊಗಸೆ, ಇದು ಕೊಡಗಟ್ಟಲೆ! ಏಣಿ ಹತ್ತಿ ಮಾಡನ್ನು ನೋಡಿದಳು. ಹುಲ್ಲು ಒಣಗಿಯೇ ಇತ್ತು.

"ಗೋಡೆ ಒಳಗೇ ನೀರು ಸೇರ್ಕೊಂಡಿದೆ ಪಾಸ್ಕೋ. ಗಾರೆ ಪೂರ್ತಿ ಕೆಡವಬೇಕು. ಕ್ರಿಸ್‌ಮಸ್‌ಗೆ ಎಲೋವೆನ್ ಬರೋದು ಆಗಲ್ಲ," ಎನ್ನುತ್ತ ಅವಳು ಉಳಿ ಸುತ್ತಿಗೆ ಎತ್ತಿಕೊಂಡಳು.

ಅವನು ಅವಳ ಮಣಿಕಟ್ಟು ಹಿಡಿದ. "ಬೇಡ! ಎಲ್ಲೂ ಸೋರ್ತಿಲ್ಲ. ನಾನೇ."

ಬಾಗಿಲ ಹಿಂದಿನಿಂದ ಗಿಡಕ್ಕೆ ನೀರುಣಿಸುವ ಝಾರಿಯನ್ನು ತೆಗೆದು, ತಪ್ಪು ಮಾಡಿದ ಹುಡುಗನಂತೆ ಮುಂದೆ ಹಿಡಿದ.

"ನೀವಾ? ಯಾಕೆ?"

"ಒಣಗಿದ್ರೆ ನೀನು ಹೋಗ್ಬಿಡ್ತೀಯಲ್ಲ ವೆನ್ನಾ."

ಬೇಸಿಗೆಯಿಂದ ನೀವು ಎನ್ನುತ್ತಿದ್ದವನು ನೀನು ಎಂದುಬಿಟ್ಟಿದ್ದ. ವೆನ್ನಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

"ಕಳ್ಳ! ದಿನಾ ಸಂಜೆ ನಾನೂ ಅದನ್ನೇ ಮಾಡ್ತಿದ್ದೆ."

"ಪಾಪ, ಗೋಡೆ!" ಎಂದ ಪಾಸ್ಕೋ. ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ.

ಕಣ್ಣೊರೆಸಿಕೊಂಡು ಅವಳೇ ಹೇಳಿದಳು: "ಮಗು ದಾರಿ ಕಾಯ್ತಿದೆ. ಇನ್ಮೇಲೆ ಇಬ್ರೂ ನೀರು ಮುಟ್ಟೋ ಹಾಗಿಲ್ಲ."

ಆಮೇಲಿನ ದಿನಗಳಲ್ಲಿ ಇಬ್ಬರೂ ಗೋಡೆಗೆ ಎದುರಾಗಿ ಕೂತು, ಮಾಂಸ, ಆಲೂಗಡ್ಡೆ ತುಂಬಿದ ಒಂದೇ ಪ್ಯಾಸ್ಟಿ ಕಡುಬನ್ನು ಮುರಿದು ತಿನ್ನುತ್ತ, ಒದ್ದೆಯ ಕಲೆ ಚಿಕ್ಕದಾಗುವುದನ್ನು ನೋಡಿದರು. ಝಾರಿ ಕೈಗೆಟಕುವಷ್ಟರಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ.

ಗೋಡೆ ಒಣಗಿತು. ಸುಣ್ಣ ಬಳಿದದ್ದೂ ಆಯಿತು. ಚರ್ಚಿಗೆ ಕೊಟ್ಟ ಮಾತು ತಪ್ಪುವಂತಿರಲಿಲ್ಲ, ಚಳಿಗಾಲವೆಲ್ಲ ಅಲ್ಲೇ. ವೆನ್ನಾ ಸಾಮಾನು ತುಂಬಿ ವ್ಯಾನು ಹತ್ತಿದಳು.

"ವೆನ್ನಾ! ನಿಲ್ಲು!" ಒಳಗಿನಿಂದ ಓಡಿಬಂದವನು ತೊಲೆಗೆ ತಲೆ ಬಡಿದುಕೊಂಡ. "ಅಯ್ಯೋ... ನಿನ್ನ ಕರಣೆ ಮರೆತಿದ್ದೀಯ!"

"ಮರೆತಿಲ್ಲ," ಎಂದಳು ಅವಳು.

ಒಂದು ಕೈ ಹಣೆಯ ಮೇಲೆ, ಇನ್ನೊಂದು ಕೈಯಲ್ಲಿ ಕರಣೆ. ಅವನು ನಿಂತಲ್ಲೇ ನಿಂತ.

"ಎಣ್ಣೆ ಸವರಿ ಇಡು. ತುಕ್ಕು ಹಿಡೀಬಾರದು."

ತಿರುವು ದಾಟುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದಳು.