ಸಾತವ್ವನ ಹಳೆಯ ಪೆಟ್ಟಿಗೆ

ಬಹಳ ಬಹಳ ಹಿಂದೆ, ಏಳು ಕೆರೆಗಳ ಆಚೆ, ದನಿಯೂರು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮೀನು ಮಾತಾಡುತ್ತಿತ್ತು, ಕರಡಿ ವ್ಯಾಪಾರ ಮಾಡುತ್ತಿತ್ತು, ಮನುಷ್ಯರು ಮಾತ್ರ ನಮ್ಮ ಹಾಗೆಯೇ ಇದ್ದರು. ಆ ಊರಲ್ಲಿ ದೇವೀರಿ ಎಂಬ ಹುಡುಗಿ. ಅಪ್ಪ ಅಮ್ಮ ಇಲ್ಲ. ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವನು ದೋಣಿ ನಡೆಸುವ ಅಣ್ಣ ಬೋರಣ್ಣ. ತಂಗಿಗೆ ಹಾಡಿನ ಹುಚ್ಚು ಎಂದು ಅವನು ಎಲ್ಲೆಲ್ಲೋ ಅಲೆದು ಯಾರೋ ಬಳಸಿ ಬಿಟ್ಟ ಒಂದು ಗಿಟಾರು ತಂದುಕೊಟ್ಟಿದ್ದ.

ಗಿಟಾರಿನ ದನಿ ಅಂಗಳ ದಾಟುತ್ತಿರಲಿಲ್ಲ. ಅದನ್ನು ದೊಡ್ಡದು ಮಾಡುವುದಕ್ಕೆ ನೀವು ಆಂಪ್ಲಿಫೈಯರ್ ಅನ್ನುತ್ತೀರಿ, ದನಿಯೂರಿನವರು ಮೊಳಗುಪೆಟ್ಟಿಗೆ ಅನ್ನುತ್ತಿದ್ದರು. ಹಳೆಯ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಗಾಜಿನ ದೀಪಗಳಿದ್ದವು. ಅವು ಕಾದು ಬಿಸಿಯಾಗುವವರೆಗೆ ಪೆಟ್ಟಿಗೆ ಉಸಿರೆತ್ತುತ್ತಿರಲಿಲ್ಲ. ಆಮೇಲೆ ಮಬ್ಬರಸ ಎಂಬ ಮಾಂತ್ರಿಕ ರಾಜಬೀದಿಯಲ್ಲಿ ಅಂಗಡಿ ತೆರೆದ. ಅವನ ಹೊಸ ಪೆಟ್ಟಿಗೆಗಳು ಕಿವಿ ಹಿಂಡಿದ, ಅಂದರೆ ಗುಂಡಿ ತಿರುಗಿಸಿದ, ತಕ್ಷಣ ಕೂಗುತ್ತಿದ್ದವು. ಜನಕ್ಕೆ ಅದೇ ರೂಢಿಯಾಯಿತು. ಹಳೆಯದರ ಕಿವಿ ಹಿಂಡುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ಕೂಗದಿದ್ದರೆ ಒದೆಯುವುದು, ಸತ್ತಿದೆ ಎಂದು ಅಟ್ಟಕ್ಕೆ ಎಸೆಯುವುದು. ಊರಿಗೆ ಊರೇ ಹೀಗೆ ಮಾಡಿತು.

ವ್ಯಾಪಾರ ಇನ್ನೂ ಬೆಳೆಯಲಿ ಎಂದು ಮಬ್ಬರಸ ಒಂದು ದಿನ ದೊಡ್ಡ ಕೆರೆಯ ಮೇಲೆ ಮಂಜು ಬಿಟ್ಟ. ಹನ್ನೆರಡು ದೋಣಿಗಳು ಒಳಗೆ ಸಿಕ್ಕಿಕೊಂಡವು, ಒಂದರಲ್ಲಿ ಬೋರಣ್ಣನಿದ್ದ. ಆ ಮಂಜಿನಲ್ಲಿ ದಡದ ದನಿ ಕೇಳಿದವರು ಮಾತ್ರ ಹೊರಗೆ ಬರಬಲ್ಲರು. ಊರವರು ಆಗಲೇ ಕೊಂಡಿದ್ದ ಪೆಟ್ಟಿಗೆಗಳ ಕೂಗು ಅದರೊಳಗೆ ನುಗ್ಗಲಿಲ್ಲ, ಅದಕ್ಕೂ ದೊಡ್ಡದನ್ನು ಮಬ್ಬರಸನಿಂದಲೇ ಕೊಳ್ಳಬೇಕಿತ್ತು. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಬಾರದವರು ಕೆರೆಯ ಜೊಂಡುಹುಲ್ಲಾಗಿಬಿಡುವರು.

ದೇವೀರಿ ಅಂಗಡಿಗೆ ಓಡಿದಳು. ಒಂದು ಹೊಸ ಪೆಟ್ಟಿಗೆಗೆ ಮಬ್ಬರಸ ಕೇಳಿದ್ದು ಒಂದೇ ಒಂದು ನೆನಪು, ಕೊಳ್ಳುವವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅವಳಿಗೆ ಪ್ರಿಯವಾದ ನೆನಪು ಅಂದರೆ ಅಣ್ಣನೇ. ಅಣ್ಣನನ್ನು ಮರೆತ ಮೇಲೆ ಯಾರನ್ನು ಕರೆಯಲಿ ಎಂದುಕೊಂಡು ಹೊರಬಿದ್ದಳು. ಹೊಸದು ಕೈಗೆಟುಕದವರಿಗೆ ಗುಜರಿ ಇದ್ದೇ ಇದೆಯಲ್ಲ. ಹುರಿಹಿಟ್ಟಿನ ಗಂಟು ಕಟ್ಟಿ, ಗಿಟಾರನ್ನು ಬೆನ್ನಿಗೇರಿಸಿ, ಬೆಟ್ಟದ ಹಿಂದಿನ ಮಾಯಾಗುಜರಿಗೆ ನಡೆದಳು. ಅಲ್ಲಿ ಸೇರುವಾಗ ಮೂರನೆಯ ದಿನದ ಬೆಳಗಾಗಿತ್ತು.

ಬೋರಣ್ಣ ಹಿಂದೊಮ್ಮೆ ಅದೇ ಗುಜರಿಯಲ್ಲಿ ಮೋಸಹೋಗಿ, ಪೆಟ್ಟಿಗೆಯೆಂದು ಕೋಳಿಗೂಡು ಹೊತ್ತು ತಂದಿದ್ದ. ಆಗ ತಂಗಿಗೆ ಹೇಳಿದ್ದ: “ಹಳೇದು ಕೊಳ್ಳೋವಾಗ ಮೂರು ಕೆಲ್ಸ ಮಾಡ್ಬೇಕು ಕಣವ್ವ. ಬೆನ್ನು ನೋಡು, ಮೂಸಿ ನೋಡು, ಕಾದು ನೋಡು.”

ಮೊದಲನೆಯ ಮಳಿಗೆಯಲ್ಲಿ ಒಂದು ನರಿ ಕೂತಿತ್ತು. ಅದರ ಮುಂದೆ ಕೆಂಪು ಮಖಮಲ್ಲು ಹೊದಿಸಿದ ಫಳಫಳ ಪೆಟ್ಟಿಗೆ. ನಿನ್ನ ನೆರಳು ಕೊಟ್ಟರೆ ಸಾಕು, ನಷ್ಟಕ್ಕೆ ಮಾರುತ್ತಿದ್ದೇನೆ ಎಂದು ನರಿ ಕಣ್ಣೀರು ಹಾಕಿತು. ವ್ಯಾಪಾರಿ ಅತ್ತರೆ ಗಂಟು ಬಿಗಿಮಾಡು ಎನ್ನುವುದು ದೇವೀರಿಗೆ ಗೊತ್ತಿತ್ತು. ಹಿಂದಕ್ಕೆ ಹೋಗಿ ಬೆನ್ನು ನೋಡಿದಳು. ಹಲಗೆಗೆ ಹೊಸ ಮೊಳೆ ಹೊಡೆದಿತ್ತು. ಎಳೆದರೆ ಒಳಗೆ ದೀಪವಿಲ್ಲ, ತಂತಿಯಿಲ್ಲ, ಗಂಟಲು ಕಟ್ಟಿದ ಒಂದು ಕಪ್ಪೆ. ಕೂಲಿಗೆ ಕೂಗಲು ಬಂದವನು ತಾಯಿ ಎಂದು ಕಪ್ಪೆ ಕೈಮುಗಿಯಿತು. ದೇವೀರಿ ಅದನ್ನು ಬಿಡಿಸಿ ಹಳ್ಳಕ್ಕೆ ಬಿಟ್ಟು ಮುಂದೆ ನಡೆದಳು.

ಎರಡನೆಯ ಮಳಿಗೆಯಲ್ಲಿ ಹೆಬ್ಬಾವು ಒಂದು ಪೆಟ್ಟಿಗೆಯನ್ನು ಸುತ್ತಿಕೊಂಡು ಮಲಗಿತ್ತು. ನಿನ್ನ ಮುಂದಿನ ಹತ್ತು ವರ್ಷದ ನಿದ್ದೆ ಕೊಡು, ತಗೊಂಡು ಹೋಗು ಎಂದಿತು. ಬೆನ್ನು ಸರಿಯಿತ್ತು, ದೀಪಗಳೂ ಇದ್ದವು. ದೇವೀರಿ ಬಗ್ಗಿ ಮೂಸಿದಳು. ಸೀದ ವಾಸನೆ. ಇದರ ಕರುಳು ಸುಟ್ಟಿದೆ ಎಂದಳು. ಹೆಬ್ಬಾವಿಗೆ ರೇಗಿತು. ಛಲಕ್ಕೆ ತಾನೇ ಬಾಲದಿಂದ ಕಿವಿ ಹಿಂಡಿತು. ಪೆಟ್ಟಿಗೆ ಭಗ್ಗೆಂದಿತು, ಹೆಬ್ಬಾವು ಸುಟ್ಟ ಬಾಲ ಹೊತ್ತು ಹಳ್ಳಕ್ಕೆ ಓಡಿತು. ಅಲ್ಲಿ ಕಪ್ಪೆ ಅದಕ್ಕೆ ಜಾಗ ಬಿಟ್ಟುಕೊಟ್ಟಿತಂತೆ.

ಮೂರನೆಯ ಮಳಿಗೆಗೆ ಬಾಗಿಲೂ ಇರಲಿಲ್ಲ. ಒಂದು ಮುದಿ ಕರಡಿ, ಅದರ ಪಕ್ಕ ಧೂಳು ಹಿಡಿದ ಒಂದು ಪೆಟ್ಟಿಗೆ. ಮೂಲೆಯಲ್ಲಿ ಜೇಡರ ಬಲೆ, ಮೇಲೆ ಯಾರೋ ಲೋಟ ಇಟ್ಟಿದ್ದ ಕಲೆ. ದೇವೀರಿ ಬೆನ್ನು ನೋಡಿದಳು, ಹಳೆಯ ಮೊಳೆಗಳು ಹಾಗೇ ಇದ್ದವು. ಮೂಸಿದಳು, ಬರೀ ಧೂಳು. ಕಿವಿ ಹಿಂಡಿದಳು. ಪೆಟ್ಟಿಗೆ ಕಮಕ್ ಕಿಮಕ್ ಅನ್ನಲಿಲ್ಲ.

“ಎಲ್ಲಾರೂ ಸತ್ತೋಗದೆ ಅಂತ ಒದ್ದು ಹೋದ್ರು,” ಎಂದಿತು ಕರಡಿ. “ನೀನೂ ಒದಿಯವ್ವ, ಬೇಜಾರಿಲ್ಲ.”

“ಒದಿಯಾಕಿಲ್ಲ ತಾತ. ಕೂತ್ಕೋತೀನಿ,” ಎಂದು ದೇವೀರಿ ಕೂತಳು. ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಕಾಯಬೇಕು ಎಂದು ಅಣ್ಣ ಹೇಳಿದ್ದ. ಕರಡಿಯ ಹತ್ತಿರವೇ ಎಲೆ ಇಸಕೊಂಡು ಬಾಯಿಗಿಟ್ಟಳು.

ಆಗ ಮಬ್ಬರಸ ಕಾಗೆಯಾಗಿ ಬಂದು ಸೂರಿನ ಮೇಲೆ ಕೂತ. “ಹೊತ್ತು ಹೋಗ್ತಾ ಇದೆ ದೇವೀರಿ. ಹೆಣದ ಮುಂದೆ ಕೂತು ಅಣ್ಣನ್ನ ಕಳ್ಕೋತೀಯ. ನನ್ನ ಪೆಟ್ಟಿಗೆ ತಗೋ, ಈಗ್ಲೇ ಕೂಗತ್ತೆ.”

ಅವಳ ಕಾಲು ತಾನಾಗಿಯೇ ಎದ್ದು ನಿಂತಿತು. ಬಾಯಲ್ಲಿ ಎಲೆ ಇನ್ನೂ ಅರ್ಧ ಉಳಿದಿತ್ತು. ಅಣ್ಣ ಅವಳಿಗೆ ಯಾವತ್ತೂ ಸುಳ್ಳು ಹೇಳಿದವನಲ್ಲ. ಕಣ್ಣು ಮುಚ್ಚಿ ಮತ್ತೆ ಕೂತಳು, ಜಗಿದಳು. ಎಲೆ ಮುಗಿಯುವ ಹೊತ್ತಿಗೆ ಪೆಟ್ಟಿಗೆಯ ಹೊಟ್ಟೆಯಲ್ಲಿ ಒಲೆಯ ಕೆಂಡದಂತೆ ಬೆಳಕು ಮೂಡಿತು. ಗುಂಯ್ ಎಂದು ಸಣ್ಣಗೆ ಉಸಿರು ಬಂತು. ಕಾಗೆ ಹಾರಿಹೋಯಿತು.

ಬೆಲೆ ಏನು ಎಂದು ಕೇಳಿದಳು. ಹಸಿವಾಗಿದೆ, ಗಂಟಿನಲ್ಲಿ ಏನಿದೆ ಎಂದಿತು ಕರಡಿ. ಅವಳು ಹುರಿಹಿಟ್ಟನ್ನು ಅಷ್ಟೂ ಕೊಟ್ಟಳು. ಆಮೇಲೆ ಗುಜರಿಯ ವಾಡಿಕೆಯಂತೆ, ಇದನ್ನು ಮೊದಲು ಬಾರಿಸಿದವರ ಹೆಸರೇನು ಎಂದು ವಿಚಾರಿಸಿದಳು. ಹಳೆಯ ವಸ್ತು ಕೊಂಡವರು ಮೊದಲ ನುಡಿತವನ್ನು ಹಿಂದಿನವರ ಹೆಸರಲ್ಲಿ ನುಡಿಸಬೇಕು, ಅದು ಋಣ.

ಕರಡಿ ಪೆಟ್ಟಿಗೆಯ ಮೇಲಿನ ಧೂಳು ಒರೆಸಿತು. “ಸಾತವ್ವ,” ಎಂದಿತು. “ಈ ಹೆಸರು ಯಾರೂ ಕೇಳಿರ್ಲಿಲ್ಲ ಕಣವ್ವ.” ಪೆಟ್ಟಿಗೆಯನ್ನು ತಾನೇ ಹೊತ್ತು, ದೇವೀರಿಯನ್ನೂ ಹೆಗಲಿಗೇರಿಸಿಕೊಂಡು, ಅವಳು ಎರಡು ದಿನ ನಡೆದ ದಾರಿಯನ್ನು ಅರ್ಧ ದಿನದಲ್ಲಿ ಮುಗಿಸುವಂತೆ ಕೆರೆಯ ಕಡೆ ಓಡಿತು.

ದಡದಲ್ಲಿ ಊರೆಲ್ಲ ಅಳುತ್ತ ನಿಂತಿತ್ತು. ಪೆಟ್ಟಿಗೆ ಕಾಯುವವರೆಗೆ ಕಾದು, ದೇವೀರಿ “ಸಾತವ್ವನ ಹೆಸರಲ್ಲಿ” ಎಂದು ತಂತಿ ಮೀಟಿದಳು. ದನಿ ಕಂಚಿನಂತೆ ಹೊರಟಿತು. ಕರಡಿಯ ರೋಮವೆಲ್ಲ ಉದುರಿ ಒಬ್ಬ ಮುದುಕ ನಿಂತ. ಅವನು ಸಾತವ್ವನ ಗಂಡ, ಪೆಟ್ಟಿಗೆ ಮಾಡುತ್ತಿದ್ದ ಜವನಯ್ಯ. ಹಳೆಯದನ್ನು ರಿಪೇರಿ ಮಾಡುವುದು ಬಿಡಲಿಲ್ಲವೆಂದು ಮಬ್ಬರಸ ಅವನಿಗೆ, ಹೆಂಡತಿಯ ಹೆಸರಲ್ಲಿ ಯಾರಾದರೂ ನುಡಿಸುವವರೆಗೆ ಕಳಚದಂತೆ, ಕರಡಿಯ ಚರ್ಮ ತೊಡಿಸಿದ್ದ.

ದನಿ ಕೆರೆಯ ಅರ್ಧದವರೆಗೆ ಹೋಗಿ ನಿಂತಿತು. ಇನ್ನೂ ಮುಂದೆ ಮಂಜು ಗೋಡೆ ಕಟ್ಟಿತ್ತು. ದೇವೀರಿ ಜನರ ಕಡೆ ತಿರುಗಿದಳು.

“ನಿಮ್ಮ ಅಟ್ಟದ ಮೇಲಿರೋ ಪೆಟ್ಟಿಗೆ ಸತ್ತಿಲ್ಲ. ತಗೊಂಡು ಬನ್ನಿ. ಒದಿಬ್ಯಾಡಿ, ಕಾಯಿರಿ.”

ತಂದರು. ಜವನಯ್ಯ ಒಂದಕ್ಕೊಂದು ತಂತಿ ಕಟ್ಟಿದ. ಊರಿಗೆ ಊರೇ ಎಲೆ ಜಗಿಯುತ್ತ, ಬಾಯಿ ಕೆಂಪು ಮಾಡಿಕೊಂಡು, ಜೀವ ಬಿಗಿಹಿಡಿದು ಕಾದು ಕೂತಿತು. ಹೊತ್ತು ಬೆಟ್ಟಕ್ಕೆ ತಾಗುವಾಗ ನೂರು ಪೆಟ್ಟಿಗೆಗಳಲ್ಲಿ ಕೆಂಡ ಮೂಡಿತು. ಒಬ್ಬೊಬ್ಬರೂ ತಮ್ಮ ಪೆಟ್ಟಿಗೆಯ ಹಿಂದಿನವರ ಹೆಸರು ಹೇಳಿದರು, ಅತ್ತೆಯದು, ಅಜ್ಜನದು, ಬಾಡಿಗೆಗಿದ್ದ ಮೇಷ್ಟರದು. ದೇವೀರಿ ಮೀಟಿದಳು. ಮಂಜು ಹಳೆಯ ಪಂಚೆಯಂತೆ ಪರ್ರನೆ ಹರಿಯಿತು. ಅದು ಮಬ್ಬರಸನ ಜೀವವೇ ಆಗಿತ್ತು. ಹರಿದ ಮೇಲೆ ಅವನು ಒಂದು ತೊಟ್ಟು ನೀರಾಗಿ ಕೊನೆಯ ಬಿಸಿಲಿಗೆ ಆರಿಹೋದ. ಅವನ ಅಂಗಡಿಯಲ್ಲಿ ಕೂಡಿಟ್ಟಿದ್ದ ನೆನಪುಗಳೆಲ್ಲ ಹಾರಿ ತಂತಮ್ಮವರ ತಲೆಗೆ ಮರಳಿದವು.

ಹನ್ನೆರಡು ದೋಣಿಗಳೂ ದಡ ಸೇರಿದವು. ಬೋರಣ್ಣ ಇಳಿದು ತಂಗಿಯನ್ನು ಅಪ್ಪಿಕೊಂಡ. ಅವಳು ಅಳುತ್ತ, ನೀನು ಹೇಳಿಕೊಟ್ಟದ್ದೇ ನಿನ್ನನ್ನು ಕರೆತಂತು ಅಣ್ಣ ಎಂದಳು. ಅವನು ಕಣ್ಣೊರೆಸಿಕೊಂಡು ಪೆಟ್ಟಿಗೆಯ ಬೆನ್ನು ನೋಡಿದ, ಮೂಸಿದ, ಆಮೇಲೆ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

“ಬಿಸಿಯಾಗೇ ಅದೆ ಅಣ್ಣ, ಇನ್ಯಾಕೆ ಕಾಯ್ತೀಯ?”

“ನಂಗೋಸ್ಕರ ಅದು ಎಷ್ಟು ದಿನ ಧೂಳಲ್ಲಿ ಕಾದಿತ್ತು,” ಎಂದ ಬೋರಣ್ಣ. “ಅದಕ್ಕೋಸ್ಕರ ನಾನು ಒಂದು ಎಲೆ ಹೊತ್ತು ಕೂರಬಾರ್ದಾ?”

ಜವನಯ್ಯ ಅವರ ಮನೆಯ ಜಗಲಿಯಲ್ಲೇ ರಿಪೇರಿ ಅಂಗಡಿ ಇಟ್ಟ. ದನಿಯೂರಿನಲ್ಲಿ ಅಂದಿನಿಂದ ಯಾರೂ ಹಳೆಯ ಪೆಟ್ಟಿಗೆಯನ್ನು ಒದೆಯಲಿಲ್ಲ. ದೋಣಿಗಳು ಹೊರಡುವ ಪ್ರತಿ ಬೆಳಗ್ಗೆ ದೇವೀರಿ ಮೊದಲ ನುಡಿತವನ್ನು ಸಾತವ್ವನಿಗೆ ನುಡಿಸುತ್ತಿದ್ದಳು, ಮುದುಕ ಕೆಲಸ ನಿಲ್ಲಿಸಿ ಕೇಳುತ್ತಿದ್ದ. ಅವರು ಅಲ್ಲಿ ಸುಖವಾಗಿದ್ದರು. ಈ ಕತೆಯೂ ನಾನು ಇನ್ನೊಬ್ಬರಿಂದ ಪಡೆದದ್ದೇ. ಕೊಟ್ಟವರ ಹೊಟ್ಟೆ ತಣ್ಣಗಿರಲಿ.